ಬೆಂಗಳೂರಿನಿಂದ ಚಾಮುಂಡಿ ಬೆಟ್ಟಕ್ಕೆ, ಮೆಟ್ಟಿಲ ದಾರಿಯಲ್ಲಿ

ಆಷಾಢ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ಕಲ್ಯಾಣ ಮಂಟಪಗಳು ಖಾಲಿಯಾಗುತ್ತವೆ, ಟಿಟಿ ಗಾಡಿಗಳು ಭರ್ತಿಯಾಗುತ್ತವೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೊಸೆಯಂದಿರು ತವರಿನಲ್ಲಿದ್ದಾರೆ. ಶುಭಕಾರ್ಯಗಳಿಗೆ ಬಿಡುವು ಕೊಟ್ಟ ಈ ತಿಂಗಳನ್ನು ನಮ್ಮ ಕಡೆಯವರು ದೇವಿಗೆ ಮೀಸಲಿಟ್ಟಿದ್ದಾರೆ. ಬನಶಂಕರಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು ಉದ್ದವಾಗುತ್ತದೆ, ಬಡಾವಣೆಯ ಮಾರಮ್ಮನ ಗುಡಿಗಳಲ್ಲಿ ಶುಕ್ರವಾರದ ಅಲಂಕಾರ ಶುರುವಾಗುತ್ತದೆ. ಚಾಮುಂಡೇಶ್ವರಿಯನ್ನು ಮನೆದೇವರಾಗಿ ಉಳ್ಳವರು ಮೈಸೂರಿನ ಕಡೆ ಮುಖ ಮಾಡುತ್ತಾರೆ.

ಬಹುಪಾಲು ಜನರ ಯೋಜನೆ ಹೀಗಿರುತ್ತದೆ. ನಡುರಾತ್ರಿ ಎರಡಕ್ಕೋ ಮೂರಕ್ಕೋ ಮನೆ ಬಿಡುವುದು, ಗಾಡಿಯಲ್ಲೇ ಬೆಟ್ಟ ಹತ್ತುವುದು, ದರ್ಶನ ಮುಗಿಸಿ ನಿಮಿಷಾಂಬ, ರಂಗನಾಥ, ನಂಜನಗೂಡು, ಜೂ, ಕೆಆರ್‌ಎಸ್ ಎಲ್ಲ ನೋಡಿ ರಾತ್ರಿ ಹನ್ನೊಂದಕ್ಕೆ ಕೆಂಗೇರಿ ಸೇರುವುದು. ಈ ಪಟ್ಟಿಯಲ್ಲಿ ತಾಯಿಯ ಪಾಲಿಗೆ ಸಿಗುವುದು ಗರ್ಭಗುಡಿಯ ಮುಂದೆ ಸರಿದುಹೋಗುವ ಕೆಲವು ಕ್ಷಣ ಮಾತ್ರ. ಗುಡಿಯೊಂದೇ ಕ್ಷೇತ್ರ, ಬೆಟ್ಟ ಅದನ್ನು ಹೊತ್ತ ಕಲ್ಲು ಎಂದುಕೊಂಡಾಗ ಹೀಗಾಗುತ್ತದೆ. ಇಲ್ಲಿ ಬೆಟ್ಟವೇ ಕ್ಷೇತ್ರ. ಅದನ್ನು ಕಾಲಿನಿಂದ ಹತ್ತಬೇಕು, ಅದೂ ನಿಧಾನವಾಗಿ. ಮೊಣಕಾಲು, ಹೃದಯ, ವಯಸ್ಸು ಬಿಡದವರು ಬಸ್ಸಿನಲ್ಲಿ ಹೋಗುವುದು ಸರಿಯೇ, ಅವರ ಭಕ್ತಿಗೆ ಕೊರತೆಯಿಲ್ಲ. ಹತ್ತಬಲ್ಲವರು ಹತ್ತದೆ ಬರುವುದೇ ನನಗೆ ನಷ್ಟವೆನಿಸುವುದು.

ಬೆಟ್ಟದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಇಲ್ಲಿನ ಅತಿ ಹಳೆಯ ಗುಡಿ ದೇವಿಯದಲ್ಲ, ಮಹಾಬಲೇಶ್ವರನದು. ಬೆಟ್ಟಕ್ಕೆ ಹಿಂದೆ ಮಹಾಬಲಾದ್ರಿ ಎಂಬ ಹೆಸರೇ ಇತ್ತು. ಹೊಯ್ಸಳ ವಿಷ್ಣುವರ್ಧನ 1128ರಲ್ಲಿ ಇಲ್ಲಿಗೆ ದತ್ತಿ ಬಿಟ್ಟಿದ್ದಾನೆ. ಮೈಸೂರಿನ ಒಡೆಯರು ಚಾಮುಂಡಿಯನ್ನು ಕುಲದೇವತೆಯಾಗಿ ಪೂಜಿಸಿದ ಮೇಲೆ ಗುಡಿ ಬೆಳೆಯಿತು. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಮೆಟ್ಟಿಲುಗಳೂ ದೊಡ್ಡ ನಂದಿಯೂ ಆದವು. ಈಗ ದೂರದಿಂದ ಕಾಣುವ ಏಳು ಅಂತಸ್ತಿನ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು 1827ರಲ್ಲಿ, ಮೆಟ್ಟಿಲಾಗಿ ನೂರೈವತ್ತು ವರ್ಷ ಕಳೆದ ಮೇಲೆ. ಆ ಎಲ್ಲ ಕಾಲ ಜನ ಕಾಲ್ನಡಿಗೆಯಲ್ಲೇ ಬಂದರು. ದಾರಿಯ ನಡುವೆ ನಂದಿ, ಅದರಾಚೆ ಕೊನೆಯ ಏರು, ಆಮೇಲೆ ಗೋಪುರ ಎಂಬ ಕ್ರಮ ಹತ್ತಿ ಬರುವವರ ಕಣ್ಣಿಗೆಂದೇ ಮೂಡಿದ್ದು. 2022ರಲ್ಲಿ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಬಂದು, ಊರಿನವರ ವಿರೋಧದ ನಂತರ ಸರ್ಕಾರ ಅದನ್ನು ಕೈಬಿಟ್ಟಿತು. ಒಳ್ಳೆಯದಾಯಿತು ಎಂದೇ ಹೇಳುತ್ತೇನೆ.

ಮೆಟ್ಟಿಲು ಸಾವಿರದ ಎಂಟು ಎಂಬುದು ವಾಡಿಕೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಮಹಡಿಗೆ ಸಾಮಾನ್ಯವಾಗಿ ಹದಿನೆಂಟು, ಇಪ್ಪತ್ತು ಮೆಟ್ಟಿಲಿರುತ್ತವೆ. ಆ ಲೆಕ್ಕದಲ್ಲಿ ಇದು ಐವತ್ತು ಮಹಡಿ. ಕಟ್ಟಡದ ಮೆಟ್ಟಿಲು ಒಂದೇ ಎತ್ತರ, ಒಂದೇ ಅಗಲ. ಬೆಟ್ಟದ ಮೆಟ್ಟಿಲು ಹಾಗಲ್ಲ. ಕೆಲವು ಗಿಡ್ಡ, ಕೆಲವಕ್ಕೆ ಮೊಣಕಾಲನ್ನು ಪೂರ್ತಿ ಎತ್ತಬೇಕು, ಕೆಲವು ಕಡೆ ಕಲ್ಲು ಸವೆದು ನುಣುಪಾಗಿದೆ. ಲಯ ಸಿಗದಿರುವುದೇ ಆಯಾಸಕ್ಕೆ ದೊಡ್ಡ ಕಾರಣ. ಹೋಗುವ ಮೂರು ವಾರ ಮುಂಚೆ ಲಿಫ್ಟ್ ಬಿಟ್ಟು ಮನೆಯ ಮೆಟ್ಟಿಲು ಹತ್ತಲು ಶುರು ಮಾಡಿ. ಮೊದಲ ವಾರ ದಿನಕ್ಕೆ ಹತ್ತು ಮಹಡಿ, ಎರಡನೇ ವಾರ ಇಪ್ಪತ್ತು, ಮೂರನೇ ವಾರ ಮೂವತ್ತು. ಇಳಿಯುವುದನ್ನೂ ಮೆಟ್ಟಿಲಲ್ಲೇ ಇಳಿಯಿರಿ. ತೊಡೆಗೆ ನಿಜವಾದ ಅಭ್ಯಾಸ ಬೇಕಿರುವುದು ಇಳಿಯುವುದಕ್ಕೆ.

ಇನ್ನು ಹೊರಡುವ ಹೊತ್ತು. ಹಿಂದಿನ ದಿನ ಸಂಜೆಯೇ ಹೊರಟುಬಿಡುವುದು ಎಲ್ಲಕ್ಕಿಂತ ಉತ್ತಮ. ತಾಯಿಯ ಹೆಸರಿನ ಚಾಮುಂಡಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಮೈಸೂರಿನಿಂದ ಬೆಂಗಳೂರಿಗೆ ಬಂದು ಸಂಜೆ ಮೈಸೂರಿಗೆ ಮರಳುವ ಗಾಡಿ. ಬೆಳಿಗ್ಗೆ ಅದರಲ್ಲಿ ಬೆಂಗಳೂರಿನಿಂದ ಹೋಗುವುದಾಗದು, ಹಿಂದಿನ ಸಂಜೆಗಾದರೆ ಹೇಳಿ ಮಾಡಿಸಿದ್ದು. ರಾತ್ರಿ ಮೈಸೂರಿನಲ್ಲಿ ಮಲಗಿ ಎದ್ದವರಿಗೂ ರಾತ್ರಿಯಿಡೀ ಗಾಡಿಯಲ್ಲಿ ಕುತ್ತಿಗೆ ವಾಲಿಸಿಕೊಂಡು ಬಂದವರಿಗೂ ನೂರನೇ ಮೆಟ್ಟಿಲಿಗೇ ವ್ಯತ್ಯಾಸ ತಿಳಿಯುತ್ತದೆ. ನಿದ್ದೆಗೆಟ್ಟ ದೇಹದಲ್ಲಿ ಏರಿನ ಹೊತ್ತಿಗೆ ತಲೆಸುತ್ತು, ವಾಂತಿ ಬರುವುದು ಸಾಮಾನ್ಯ.

ಬಸ್ಸಿಗಾದರೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಕೆಂಪು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ರಾಜಹಂಸ, ಎಸಿ ಬಸ್ಸುಗಳಿಗೆ ಅದು ಅನ್ವಯಿಸದು. ಆಧಾರ್ ಕಾರ್ಡ್ ಕೈಗೆ ಸಿಗುವಂತಿರಲಿ. ಬೈಕಿನಲ್ಲಿ ಹೋಗುವವರು ಗಮನಿಸಬೇಕಾದ್ದು, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರೂರು ದಾಟಿ ಹೋಗಬೇಕು, ಅದಕ್ಕೆ ಒಂದು ಗಂಟೆಯಾದರೂ ಹೆಚ್ಚು ಇಟ್ಟುಕೊಳ್ಳಿ.

ಮೈಸೂರಿನಲ್ಲಿ ಸಿಟಿ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ ಬೆಟ್ಟದ ಮೇಲಕ್ಕೇ ಹೋಗುತ್ತದೆ. ಬೆಂಗಳೂರಿನ ಬಸ್ಸು ನಿಲ್ಲುವ ಸಬರ್ಬನ್ ನಿಲ್ದಾಣ ಬೇರೆ, ಸಿಟಿ ನಿಲ್ದಾಣ ಬೇರೆ. ಹೊಸಬರು ಇಲ್ಲೇ ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತುವವರು ಆಟೋದವರಿಗೆ ‘ಬೆಟ್ಟದ ಪಾದಕ್ಕೆ, ಮೆಟ್ಟಿಲ ಹತ್ತಿರ’ ಎಂದು ಸ್ಪಷ್ಟವಾಗಿ ಹೇಳಬೇಕು. ಬರೀ ‘ಚಾಮುಂಡಿ ಬೆಟ್ಟ’ ಅಂದರೆ ಗಾಡಿ ನೇರ ಮೇಲಕ್ಕೇ ಹೋದೀತು.

ಹೂವನ್ನು ಬೆಂಗಳೂರಿನಿಂದ ಹೊರುವುದು ಬೇಡ. ಕೆಆರ್ ಮಾರ್ಕೆಟ್ಟಿನಲ್ಲಿ ನಸುಕಿಗೆ ಕೊಂಡ ಮಲ್ಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಮಂಡ್ಯ ದಾಟುವಷ್ಟರಲ್ಲಿ ಕಂದಿರುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬೆಳಿಗ್ಗೆಯೇ ಹೂ ಸಿಗುತ್ತದೆ, ಬಾಳೆ ಎಲೆಯಲ್ಲಿ ಸುತ್ತಿಸಿಕೊಳ್ಳಿ. ಮಡಿಲಕ್ಕಿಯನ್ನು ಮಾತ್ರ ಮನೆಯಿಂದಲೇ ಒಯ್ಯಿರಿ. ಮನೆಯ ಪದ್ಧತಿಯಂತೆ ಮೂರೋ ಐದೋ ಹಿಡಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅಚ್ಚು ಬೆಲ್ಲ, ಅರಿಶಿನ ಕುಂಕುಮ, ರವಿಕೆ ಕಣ, ಹಸಿರು ಬಳೆ. ಬಳೆಗಳನ್ನು ರವಿಕೆ ಕಣದಲ್ಲಿ ಸುತ್ತಿ ಅಕ್ಕಿಯ ಮಧ್ಯೆ ಹೂತಿಟ್ಟರೆ ಒಡೆಯುವುದಿಲ್ಲ. ಎಲ್ಲವೂ ಬೆನ್ನಿಗೆ ಹಾಕಿಕೊಳ್ಳುವ ಬಟ್ಟೆ ಚೀಲದಲ್ಲಿರಲಿ. ಕೈಯಲ್ಲಿ ಕವರು ತೂಗಾಡಿಸಿಕೊಂಡು ಹೋದರೆ ಮಂಗ ಬಿಡುವುದಿಲ್ಲ. ಅದಕ್ಕೆ ಕವರಿನ ಸದ್ದೇ ಸಾಕು, ಕಾಯಿ ಬಾಳೆಹಣ್ಣು ಒಳಗಿದೆಯೆಂದು ಗೊತ್ತು. ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಎಳೆದವರಿಗೇ ಕಚ್ಚುವುದು.

ಹತ್ತಲು ಆರಂಭಿಸುವ ಹೊತ್ತು ಬೆಳಗಿನ ಆರರ ಸುಮಾರು. ಅದಕ್ಕೂ ಮುಂಚೆ ಕತ್ತಲಲ್ಲಿ ಒಬ್ಬೊಬ್ಬರೇ ಹೋಗುವುದು ತರವಲ್ಲ. ಇದು ಮೀಸಲು ಅರಣ್ಯ, ಚಿರತೆ ಇಲ್ಲಿಯ ನಿವಾಸಿ. ಜನಜಂಗುಳಿಯ ಆಷಾಢ ಶುಕ್ರವಾರಗಳ ಮಾತು ಬೇರೆ. ಎಂಟರ ನಂತರ ಶುರು ಮಾಡಿದರೆ ಅರ್ಧ ದಾರಿಯಲ್ಲಿ ಬಿಸಿಲು ಏರುತ್ತದೆ, ಕಲ್ಲು ಕಾಯುತ್ತದೆ. ಚಪ್ಪಲಿ ಬಿಟ್ಟು ಹತ್ತುವ ಹರಕೆಯವರಿಗೆ ಇದು ಮುಖ್ಯ. ಹತ್ತುವಾಗ ತಂಪಾಗಿದ್ದ ಕಲ್ಲು ದರ್ಶನ ಮುಗಿಸಿ ಹನ್ನೊಂದಕ್ಕೆ ಇಳಿಯುವಾಗ ಅಂಗಾಲು ಸುಡುತ್ತದೆ. ಬರಿಗಾಲಿನ ಮೇಲೆ ಕಾಲುಚೀಲ ಹಾಕಿಕೊಳ್ಳುವ ಉಪಾಯ ಮಾಡಬೇಡಿ, ಸವೆದ ಕಲ್ಲಿನ ಮೇಲೆ ಅದು ಜಾರುತ್ತದೆ.

ದಿನಾ ಹತ್ತುವ ಮೈಸೂರಿನವರು ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಮೇಲಿರುತ್ತಾರೆ. ಅವರ ಜೊತೆ ಪೈಪೋಟಿ ಬೇಡ. ಹೊಸಬರಿಗೆ ಒಂದು ಗಂಟೆಯಿಂದ ಒಂದೂವರೆ ಗಂಟೆ. ಮೊದಲಿನ ಏರು ಕಡಿದು, ಎಲ್ಲರೂ ಉತ್ಸಾಹದಲ್ಲಿ ಓಡುವುದೂ ಅಲ್ಲೇ. ಮೊದಲ ಇನ್ನೂರು ಮೆಟ್ಟಿಲನ್ನು ಬೇಕೆಂದೇ ನಿಧಾನ ಮಾಡಿದವರು ಮೇಲೆ ಸುಧಾರಿಸುತ್ತಾರೆ, ಓಡಿದವರು ಮುನ್ನೂರಕ್ಕೆ ಕುಸಿದು ಕೂರುತ್ತಾರೆ. ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಮಾತಾಡಲು ಉಸಿರು ಉಳಿದಿರಬೇಕು, ಅದೇ ಅಳತೆ. ಪಾದ ಪೂರ್ತಿ ಮೆಟ್ಟಿಲ ಮೇಲೆ ಊರಲಿ, ಬೆರಳ ತುದಿಯಲ್ಲಿ ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎತ್ತರದ ಮೆಟ್ಟಿಲುಗಳಲ್ಲಿ ಸ್ವಲ್ಪ ಓರೆಯಾಗಿ ಸಾಗಿ. ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಹತ್ತು ಉಸಿರು ತೆಗೆದುಕೊಂಡರೆ ಸಾಕು. ಪ್ರತಿ ಸಲ ಕೂತರೆ ಕಾಲು ತಣ್ಣಗಾಗಿ ಏಳುವುದೇ ಕಷ್ಟವಾಗುತ್ತದೆ. ತಲೆಗೊಂದು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಗಟಗಟ ಕುಡಿಯದೆ ನಿಂತಾಗಲೆಲ್ಲ ಎರಡು ಗುಟುಕು.

ಉಪವಾಸದ ವಿಷಯ ಒಂದಿದೆ. ದರ್ಶನದವರೆಗೆ ಏನೂ ತಿನ್ನಬಾರದೆಂಬ ನೇಮ ಹಲವು ಮನೆಗಳಲ್ಲುಂಟು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಈ ನೇಮ ಹಿಡಿಯಲೇಬಾರದು. ಮಾತ್ರೆ ನುಂಗಿ, ಹೊಟ್ಟೆ ಖಾಲಿ ಇಟ್ಟು, ಐವತ್ತು ಮಹಡಿ ಹತ್ತಿದರೆ ಸಕ್ಕರೆ ಅಂಶ ಇಳಿದು ಕೈ ನಡುಗುತ್ತದೆ, ಬೆವರು ಬರುತ್ತದೆ, ಕಣ್ಣು ಮಂಜಾಗುತ್ತದೆ. ಎರಡು ಇಡ್ಲಿ ತಿಂದು ಹತ್ತಿದರೆ ತಾಯಿ ಬೇಸರಿಸುವುದಿಲ್ಲ. ಬೆಲ್ಲದ ಒಂದು ಚೂರು ಜೇಬಿನಲ್ಲಿರಲಿ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಇವುಗಳಲ್ಲಿ ಯಾವುದು ಕಂಡರೂ ‘ಇನ್ನೇನು ನಂದಿ ಬಂತು’ ಎಂದು ಮುಂದೆ ಹೆಜ್ಜೆ ಇಡಬೇಡಿ. ಅಲ್ಲೇ ಕೂರಿಸಿ 108ಕ್ಕೆ ಕರೆ ಮಾಡಿ.

ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹೋಗುವ ಹರಕೆ ಈ ಬೆಟ್ಟದ ಅತ್ಯಂತ ಸುಂದರ ಸೇವೆ. ಹಣ ಬೇಡ, ಚೀಟಿ ಬೇಡ, ಅರ್ಚಕರೂ ಬೇಡ. ಹೆಣ್ಣುಮಕ್ಕಳು ತಾವೇ ಮಾಡುವ ಪೂಜೆ. ಒಂದು ಮೆಟ್ಟಿಲಿಗೆ ಒಂದು ಚಿಟಿಕೆ, ಅಂದರೆ ಸುಮಾರು ಕಾಲು ಗ್ರಾಂ. ಹಾಗೆ ಲೆಕ್ಕ ಹಾಕಿದರೆ ಕುಂಕುಮ ಸುಮಾರು ಕಾಲು ಕೆಜಿ, ಅರಿಶಿನ ಸುಮಾರು ಕಾಲು ಕೆಜಿ ಸಾಕು. ಕೆಲವರು ಕೆಜಿಗಟ್ಟಲೆ ತಂದು ಮೇಲೆ ಬಂದಾಗ ಉಳಿದದ್ದನ್ನು ಒಂದೇ ಕಡೆ ಸುರಿದುಬಿಡುತ್ತಾರೆ. ಒಳ್ಳೆಯ ಪುಡಿಯನ್ನು ಗ್ರಂಧಿಗೆ ಅಂಗಡಿಯಲ್ಲೇ ಕೊಳ್ಳಿ. ಬಣ್ಣ ಬೆರೆಸಿದ ಅಗ್ಗದ ಪುಡಿ ಬೆವರಿದ ಬೆರಳಿಗೆ ಉರಿ ತರುತ್ತದೆ, ಕಲ್ಲಿನಿಂದ ತೊಳೆದುಹೋಗುವುದಿಲ್ಲ.

ಬಾಯಿ ಅಗಲವಿರುವ ಸ್ಟೀಲ್ ಡಬ್ಬಿ ಎರಡಿರಲಿ. ಕೈ ಬೆವೆತು ಪುಡಿ ಗಂಟಾಗುವುದರಿಂದ ಸೊಂಟಕ್ಕೆ ಒಂದು ಒಣ ಹತ್ತಿ ಬಟ್ಟೆ ಸಿಕ್ಕಿಸಿಕೊಂಡಿರಿ. ಇಬ್ಬರು ಸೇರಿ ಮಾಡಿದರೆ ಹಗುರ, ಒಬ್ಬರು ಅರಿಶಿನ ಇಟ್ಟು ಮುಂದೆ ಸಾಗಿದಂತೆ ಇನ್ನೊಬ್ಬರು ಹಿಂದೆಯೇ ಕುಂಕುಮ ಇಡುತ್ತ ಬರಬಹುದು. ಹಚ್ಚುವ ಜಾಗದ ಬಗ್ಗೆ ನನ್ನ ಕಟ್ಟುನಿಟ್ಟಿನ ಮಾತೊಂದು: ಕಾಲಿಡುವ ಹಾಸಿನ ಮೇಲೆ ಬೇಡ, ಮೆಟ್ಟಿಲ ಮುಖದ ಮೇಲೆ, ಅಂದರೆ ನಿಮ್ಮ ಕಡೆಗೆ ತಿರುಗಿದ ನಿಂತ ಕಲ್ಲಿನ ಮೇಲೆ ಹಚ್ಚಿ. ಅದೂ ಒಂದು ಪಕ್ಕಕ್ಕೆ. ಇದರಿಂದ ಮೂರು ಅನುಕೂಲ. ಹಚ್ಚಿದ್ದನ್ನು ಯಾರೂ ತುಳಿಯುವುದಿಲ್ಲ. ಆಷಾಢದ ತುಂತುರಿನಲ್ಲಿ ಪುಡಿ ಕೆಸರಾಗಿ ಹಿಂದಿನವರು ಜಾರಿ ಬೀಳುವುದಿಲ್ಲ. ಎರಡು ಮೆಟ್ಟಿಲು ಮೇಲಿನದಕ್ಕೆ ಕೈಚಾಚಿ ಹಚ್ಚಬಹುದಾದ್ದರಿಂದ ಪೂರ್ತಿ ಬಾಗಬೇಕಿಲ್ಲ. ಸಾವಿರ ಸಲ ಸೊಂಟ ಮುರಿದು ಬಾಗಿದರೆ ಮರುದಿನ ಹಾಸಿಗೆಯಿಂದ ಏಳಲಾಗದು. ಈ ಹರಕೆಗೆ ಮೂರು ಗಂಟೆಯಾದರೂ ಬೇಕು. ಕರ್ಪೂರವನ್ನು ಮೆಟ್ಟಿಲ ಮೇಲೆ ಹಚ್ಚುವವರನ್ನೂ ಕಾಣುತ್ತೇವೆ. ಗಾಳಿಗೆ ಸೆರಗು ಹಾರುವ, ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಿರುವ ಜಾಗದಲ್ಲಿ ಅದು ಬೇಡ. ಒಂದು ಕಿಡಿಗೆ ಗುಡ್ಡದ ಬದಿಯೇ ಹೊತ್ತಿಕೊಳ್ಳಬಹುದು.

ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ ನಂದಿ. ಒಂದೇ ಬಂಡೆಯಲ್ಲಿ ಕಡೆದ ಬಸವ, ಎತ್ತರ ಹದಿನೈದು ಅಡಿ, ಉದ್ದ ಇಪ್ಪತ್ತನಾಲ್ಕು ಅಡಿ. ವಾಹನದ ರಸ್ತೆಯೂ ಇಲ್ಲಿಗೆ ಬರುತ್ತದೆ. ಆದ್ದರಿಂದ ಮೆಟ್ಟಿಲು ಅರ್ಧಕ್ಕೆ ಸಾಕೆನಿಸಿದವರು ಮುಂದಿನ ದಾರಿ ಯೋಚಿಸಲು ಇದೇ ಜಾಗ. ಇಲ್ಲಿ ಹತ್ತು ಹದಿನೈದು ನಿಮಿಷ ನಿಜವಾಗಿ ಕೂರಿ. ಕೊರಳ ಗೆಜ್ಜೆಸರ, ಗಂಟೆ, ಮೈಮೇಲೆ ಇಳಿಬಿದ್ದ ಹಾರಗಳನ್ನು ಒಂದೊಂದಾಗಿ ನೋಡಿ. ಮಣಿಮಣಿಗೂ ಉಳಿ ಆಡಿದೆ. ಹಿಂದಿನ ಬಂಡೆಯಡಿಯಲ್ಲಿ ಗುಹೆಯಂಥ ಪುಟ್ಟ ಶಿವನ ಗುಡಿಯಿದೆ, ತಗ್ಗಿ ಹೋಗಬೇಕು, ಅವಸರದವರು ಅದನ್ನು ಕಾಣದೆಯೇ ದಾಟುತ್ತಾರೆ. ಕಾರ್ತಿಕದಲ್ಲಿ ನಂದಿಗೆ ಮಹಾಭಿಷೇಕ ನಡೆಯುತ್ತದೆ. ಹಾಲು, ಮೊಸರು, ಅರಿಶಿನ, ಗಂಧ ಒಂದಾದ ಮೇಲೊಂದು ಸುರಿದು ಬಸವನ ಬಣ್ಣ ಬದಲಾಗುವುದನ್ನು ನೋಡಲೆಂದೇ ಬರುವವರಿದ್ದಾರೆ. ಆಷಾಢದ ನೂಕುನುಗ್ಗಲು ಒಲ್ಲದವರು ಆ ತಿಂಗಳಲ್ಲಿ ಬರಬಹುದು. 2021ರ ಮಳೆಗೆ ನಂದಿಗೆ ಬರುವ ರಸ್ತೆಯ ಪಕ್ಕದ ಮಣ್ಣು ಕುಸಿದು ದಾರಿ ಮುಚ್ಚಿತ್ತು. ಬೆಟ್ಟ ಎಷ್ಟು ಭಾರ ತಡೆಯಬಲ್ಲದು ಎಂಬುದನ್ನು ಅಲ್ಲಿ ನಿಂತಾಗ ಯೋಚಿಸದಿರಲು ಆಗುವುದಿಲ್ಲ.

ಮೇಲೆ ತಲುಪಿದ ಮೇಲೆ ಬೆವರು ಆರಲು ಬಿಟ್ಟು, ಕೈಕಾಲು ತೊಳೆದು ಸಾಲಿಗೆ ಸೇರಿ. ಸಾಮಾನ್ಯ ದಿನಗಳಲ್ಲಿ ದರ್ಶನ ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಎರಡು, ಮೂರೂವರೆಯಿಂದ ಆರು, ಅಭಿಷೇಕದ ನಂತರ ರಾತ್ರಿ ಏಳೂವರೆಯಿಂದ ಒಂಬತ್ತು. ವಿಶೇಷ ದಿನಗಳಲ್ಲಿ ಇದು ಬದಲಾಗುತ್ತದೆ. ಒಳಗೆ ಧ್ವಜಸ್ತಂಭದ ಬಳಿ ದೇವಿಯ ಪಾದದ ಗುರುತಿದೆ. ಗರ್ಭಗುಡಿಗೆ ಮುಂಚಿನ ಅಂಕಣದಲ್ಲಿ ಕೈಮುಗಿದು ನಿಂತ ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರತಿಮೆ, ಜೊತೆಗೆ ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸದ ರಾಣಿಯರು. ಅರಸನೂ ಭಕ್ತರ ಸಾಲಿನಲ್ಲೇ ನಿಂತಿದ್ದಾನೆ. ಮೂಲಮೂರ್ತಿ ಕೂತ ಭಂಗಿಯ ಅಷ್ಟಭುಜೆ, ಮಾರ್ಕಂಡೇಯ ಋಷಿಗಳು ಪ್ರತಿಷ್ಠಾಪಿಸಿದ್ದೆಂದು ನಂಬಿಕೆ. ವಿಜಯದಶಮಿಯಂದು ಏಳುನೂರೈವತ್ತು ಕೆಜಿಯ ಅಂಬಾರಿಯಲ್ಲಿ ಮೆರವಣಿಗೆ ಹೋಗುವುದು ಉತ್ಸವಮೂರ್ತಿ. ಮೂಲಮೂರ್ತಿ ಜಾಗ ಬಿಟ್ಟು ಕದಲುವುದಿಲ್ಲ. ಗರ್ಭಗುಡಿಯ ಮುಂದೆ ಸಮಯ ಸಿಗುವುದು ಸ್ವಲ್ಪವೇ. ಕೇಳಿಕೊಳ್ಳಬೇಕಾದ್ದನ್ನು ಸಾಲಿನಲ್ಲೇ ಕೇಳಿಕೊಂಡಿರಿ, ಎದುರಿಗೆ ಬಂದಾಗ ಕಣ್ಣು ಮುಚ್ಚದೆ ನೋಡಿ.

ಆಷಾಢ ಶುಕ್ರವಾರವೇ ಬೇಕೆನ್ನುವವರಿಗೆ ಎರಡು ಮಾತು. ಇತ್ತೀಚಿನ ವರ್ಷಗಳಲ್ಲಿ ಆ ದಿನ ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡುತ್ತಿಲ್ಲ, ಲಲಿತಮಹಲ್ ಅರಮನೆ ಪಕ್ಕದ ಮೈದಾನದಲ್ಲಿ ನಿಲ್ಲಿಸಿ ಅಲ್ಲಿಂದ ಬಸ್ಸಿನಲ್ಲಿ ಹೋಗಬೇಕು. ಜಿಲ್ಲಾಡಳಿತ ಪ್ರತಿವರ್ಷ ಹೊರಡಿಸುವ ಪ್ರಕಟಣೆ ನೋಡಿಕೊಂಡೇ ಹೊರಡಿ. ಧರ್ಮದರ್ಶನದ ಸಾಲು ಗಂಟೆಗಟ್ಟಲೆ ಹಿಡಿಯುತ್ತದೆ. ಪುಟ್ಟ ಮಕ್ಕಳು, ಗರ್ಭಿಣಿಯರು, ಎಪ್ಪತ್ತು ದಾಟಿದವರನ್ನು ಆ ಸಾಲಿಗೆ ತರುವುದು ಅವರಿಗೆ ಹಿಂಸೆ. ಆಷಾಢದ್ದೇ ಪುಣ್ಯ ಬೇಕೆಂದರೆ ಆ ತಿಂಗಳ ಬುಧವಾರ, ಗುರುವಾರಗಳೂ ಆಷಾಢವೇ. ತಾಯಿಯ ವರ್ಧಂತಿ ಆಷಾಢ ಬಹುಳ ಸಪ್ತಮಿಗೆ, ಅಂದು ಚಿನ್ನದ ಪಲ್ಲಕ್ಕಿಯಲ್ಲಿ ಉತ್ಸವ. ಅದು ಬಹುತೇಕ ಶುಕ್ರವಾರಕ್ಕೆ ಬೀಳುವುದಿಲ್ಲ, ಆದರೂ ಜನ ಶುಕ್ರವಾರದಷ್ಟೇ ಇರುತ್ತಾರೆ.

ದರ್ಶನವಾದ ಮೇಲೆ ಮಹಾಬಲೇಶ್ವರನನ್ನು ನೋಡದೆ ಬರಬೇಡಿ. ದೇವಿಯ ಗುಡಿಯಿಂದ ಕೆಲವೇ ಹೆಜ್ಜೆ, ಅಲ್ಲಿ ಜನವೇ ಇರುವುದಿಲ್ಲ. ದಾಸೋಹದಲ್ಲಿ ಊಟ ಮಾಡಿ. ಎಲ್ಲ ಊರಿನವರ ಪಕ್ಕದಲ್ಲಿ ಕೂತು ಉಣ್ಣುವುದೂ ಯಾತ್ರೆಯೇ. ಬೆಟ್ಟದ ಬುಡದಲ್ಲಿ ಉತ್ತನಹಳ್ಳಿಯ ಜ್ವಾಲಾಮುಖಿ ತ್ರಿಪುರಸುಂದರಿ, ಜನರ ಬಾಯಲ್ಲಿ ಚಾಮುಂಡವ್ವನ ತಂಗಿ. ರಕ್ತ ನೆಲಕ್ಕೆ ಬಿದ್ದಲ್ಲೆಲ್ಲ ಹೊಸ ಅಸುರರು ಹುಟ್ಟುವಾಗ ನಾಲಿಗೆ ಚಾಚಿ ಅಕ್ಕನಿಗೆ ನೆರವಾದವಳು ಇವಳೆಂದು ಕಥೆ ಹಾಡುತ್ತಾರೆ. ಅಕ್ಕನನ್ನು ಕಂಡು ತಂಗಿಯನ್ನು ಬಿಡಬಾರದೆಂಬುದು ಹಳಬರ ಪದ್ಧತಿ. ನಿಮಿಷಾಂಬ, ಜೂ, ಕೆಆರ್‌ಎಸ್ ಎಲ್ಲ ಬಿಟ್ಟು ಈ ಒಂದನ್ನು ಸೇರಿಸಿಕೊಂಡರೆ ದಿನ ತುಂಬುತ್ತದೆ.

ಇಳಿಯುವುದಕ್ಕೆ ನನ್ನ ಸಲಹೆ ಬಸ್ಸು. ಮೊಣಕಾಲು ಕೆಡುವುದು ಹತ್ತುವಾಗ ಅಲ್ಲ. ಪ್ರತಿ ಮೆಟ್ಟಿಲಿಗೂ ಮೈಭಾರ ಪೂರ್ತಿ ಒಂದು ಕಾಲಿನ ಮೇಲೆ ಬಿದ್ದು, ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಅದನ್ನು ತಡೆಯುವಾಗ ಕೆಡುತ್ತದೆ. 201ರಲ್ಲಿ ಕೂತರೆ ಸಿಟಿ ನಿಲ್ದಾಣ. ಮೆಟ್ಟಿಲಲ್ಲೇ ಇಳಿಯುವ ಹರಕೆಯಿದ್ದವರು ಓರೆಯಾಗಿ, ಮಂಡಿ ಸ್ವಲ್ಪ ಮಡಚಿಟ್ಟುಕೊಂಡು ಇಳಿಯಿರಿ, ಮಳೆ ಬಂದಿದ್ದರೆ ಬೇಡವೇ ಬೇಡ. ಖಾಲಿ ಬಾಟಲಿ, ಹೂವಿನ ಕವರು ಚೀಲದಲ್ಲೇ ಕೆಳಗೆ ಬರಲಿ. ಮರುದಿನಕ್ಕಿಂತ ಎರಡನೇ ದಿನ ತೊಡೆ ಹೆಚ್ಚು ನೋಯುತ್ತದೆ. ಅದು ಸಹಜ, ಬಿಸಿನೀರು ಮತ್ತು ಅರ್ಧ ಗಂಟೆಯ ಮೆಲುನಡಿಗೆಯಲ್ಲಿ ನಾಲ್ಕು ದಿನಕ್ಕೆ ಇಳಿಯುತ್ತದೆ. ಮೊಣಕಾಲು ಊದಿಕೊಂಡಿದ್ದರೆ ಅಥವಾ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.